ಬೆಂಗಳೂರಿಗಿಂತ ಮೊದಲು ಟಿವಿ ನೋಡಿದ ಸೀಮೆ

ಕರ್ನಾಟಕದಲ್ಲಿ ಟಿವಿ ಮೊದಲು ಕಂಡದ್ದು ನಮ್ಮ ಕಲಬುರಗಿ ಸೀಮೆಯ ಹಳ್ಳಿಗಳು ಎಂದರೆ ಗೆಳೆಯರು ನಂಬುವುದಿಲ್ಲ. ಬೆಂಗಳೂರು ದೂರದರ್ಶನ ಕೇಂದ್ರ ಆರಂಭವಾದದ್ದು 1981ರ ನವೆಂಬರ್ 1ರಂದು. ಅದಕ್ಕೂ ಆರು ವರ್ಷ ಮೊದಲು, 1975ರ ಆಗಸ್ಟ್ 1ರಿಂದ, ಆಗಿನ ಗುಲಬರ್ಗಾ, ರಾಯಚೂರು ಮತ್ತು ಬಿಜಾಪುರ ಜಿಲ್ಲೆಗಳ ಆಯ್ದ ಹಳ್ಳಿಗಳಲ್ಲಿ ಜನ ಸಂಜೆಯಾದರೆ ಶಾಲೆಯ ಅಂಗಳದಲ್ಲೋ ಪಂಚಾಯತಿ ಕಟ್ಟಡದ ಮುಂದೋ ಕೂತು ಟಿವಿ ನೋಡುತ್ತಿದ್ದರು. ಅದೂ ನೇರವಾಗಿ ಉಪಗ್ರಹದಿಂದ.

ಯೋಜನೆಯ ಹೆಸರು ಉಪಗ್ರಹ ಬೋಧನಾ ದೂರದರ್ಶನ ಪ್ರಯೋಗ. ಇಂಗ್ಲಿಷಿನ ಹ್ರಸ್ವರೂಪದಲ್ಲಿ 'ಸೈಟ್'. (ಸೈಟು ಎಂದೊಡನೆ ಮೂವತ್ತು–ನಲವತ್ತರ ಜಾಗ ನೆನಪಾಗುವವರು ಕ್ಷಮಿಸಬೇಕು.) 1969ರ ಸೆಪ್ಟೆಂಬರಿನಲ್ಲಿ ಭಾರತದ ಅಣುಶಕ್ತಿ ಇಲಾಖೆಯೂ ಅಮೆರಿಕದ ನಾಸಾ ಸಂಸ್ಥೆಯೂ ಒಪ್ಪಂದ ಮಾಡಿಕೊಂಡವು. 1974ರ ಮೇ ತಿಂಗಳಲ್ಲಿ ಹಾರಿದ ಎಟಿಎಸ್–6 ಎಂಬ ಅಮೆರಿಕದ ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಪೂರ್ವ ಆಫ್ರಿಕಾದ ನೆತ್ತಿಯ ಮೇಲೆ ತಂದು ನಿಲ್ಲಿಸಿ, ಭಾರತದ ಆರು ರಾಜ್ಯಗಳ 2,400 ಹಳ್ಳಿಗಳಿಗೆ ಕಾರ್ಯಕ್ರಮ ಕಳಿಸುವುದು ಉದ್ದೇಶ. ಹಳ್ಳಿಯಲ್ಲಿ ನಿಂತದ್ದು ಸುಮಾರು 3 ಮೀಟರ್ ಅಗಲದ ಆಂಟೆನಾ. ಕೋಳಿಗೂಡಿಗೆ ಹೊದಿಸುವಂಥ ತಂತಿಬಲೆಯನ್ನು ಬೋಗುಣಿಯಾಕಾರದ ಚೌಕಟ್ಟಿಗೆ ಬಿಗಿದದ್ದು, ಅಷ್ಟೇ. ಉಪಗ್ರಹದ ಸಂಕೇತವನ್ನು ಹಿಡಿಯುವ ಉಪಕರಣ ಅಹಮದಾಬಾದಿನ ಎಂಜಿನಿಯರುಗಳು ರೂಪಿಸಿದ್ದು. ಟಿವಿ ಸೆಟ್ಟುಗಳು ಹೈದರಾಬಾದಿನ ಇಸಿಐಎಲ್ ತಯಾರಿಸಿದವು.

ಇಷ್ಟು ದೊಡ್ಡ ಸಾಹಸಕ್ಕೆ ಕೈಹಾಕುವ ಮೊದಲು ತಂತ್ರಜ್ಞರ ನಡುವೆ ದೀರ್ಘ ವಾದ ನಡೆದಿತ್ತು. 1959ರಲ್ಲಿ ದೆಹಲಿಯಲ್ಲಿ ಟಿವಿ ಶುರುವಾದ ಮೇಲೆ ಸಹಜವಾಗಿ ತೋಚುತ್ತಿದ್ದ ದಾರಿ ಒಂದೇ: ದೊಡ್ಡ ನಗರಗಳಲ್ಲಿ ಒಂದೊಂದೇ ಗೋಪುರ ಕಟ್ಟುತ್ತಾ ಹೋಗುವುದು, ಹಳ್ಳಿಯ ಸರದಿ ಬಂದಾಗ ಬರಲಿ ಎಂದು ಕಾಯುವುದು. ವಿಕ್ರಮ್ ಸಾರಾಭಾಯಿ ಇದನ್ನು ತಿರುವುಮುರುವು ಮಾಡಬೇಕೆಂದರು. ಗೋಪುರದ ಸಂಕೇತ ಸುತ್ತಲಿನ ಕೆಲವೇ ಹತ್ತಾರು ಮೈಲಿಗೆ ಸಾಕು. ನಡುವೆ ಗುಡ್ಡ ಬಂದರೆ ಅಷ್ಟೂ ಇಲ್ಲ. ಉಪಗ್ರಹಕ್ಕೆ ದೆಹಲಿಯೂ ಒಂದೇ, ಚಿಂಚೋಳಿಯ ಕಾಡಂಚಿನ ಊರೂ ಒಂದೇ. ಸಾರಾಭಾಯಿ 1971ರ ಡಿಸೆಂಬರಿನಲ್ಲಿ ತೀರಿಕೊಂಡರು. ಕೆಲಸ ಮುಂದುವರಿಸಿದವರು ಯಶ್‌ಪಾಲ್, ಏಕನಾಥ್ ಚಿಟ್ನಿಸ್ ಮತ್ತು ಅವರೊಡನಿದ್ದ ತರುಣರು. ನಮ್ಮ ಜಿಲ್ಲೆಗಳು ಪಟ್ಟಿಗೆ ಸೇರಿದ್ದು 'ಹಿಂದುಳಿದವು' ಎಂಬ ಕಾರಣಕ್ಕೆ. ಈ ವಿಶೇಷಣದಿಂದ ನಮಗೆ ದೊರೆತ ಬಹುಶಃ ಮೊದಲ ಲಾಭ ಅದು.

ಆದರೆ ಆಕಾಶ ಸಮಾನವಾಗಿದ್ದರೂ ನೆಲ ಹಾಗಿರಲಿಲ್ಲ. ಟಿವಿಗೆ ಕರೆಂಟು ಬೇಕು. ಹಳ್ಳಿ ಆರಿಸುವಾಗ ನೋಡಿದ ಮುಖ್ಯ ಸಂಗತಿಗಳಲ್ಲಿ ವಿದ್ಯುತ್ತೂ ಒಂದು; ಸೆಟ್ಟು ಇಡಲು ಸಾರ್ವಜನಿಕ ಕಟ್ಟಡ ಮತ್ತು ರಿಪೇರಿ ಗಾಡಿ ಹೋಗುವಷ್ಟು ದಾರಿ ಇನ್ನುಳಿದವು. ಕೆಲವೆಡೆ ಬ್ಯಾಟರಿ ಬಳಸಿದ್ದುಂಟು, ಆದರೆ ಅದು ಅಪವಾದ. ಅಂದರೆ ಹಿಂದುಳಿದ ಜಿಲ್ಲೆಗಳಲ್ಲಿ ಕೊಂಚ ಮುಂದುವರಿದ ಊರುಗಳಿಗೇ ಟಿವಿ ಬಂತು. ಅಷ್ಟು ಹೊತ್ತಿಗೆ ಟ್ರಾನ್ಸಿಸ್ಟರ್ ರೇಡಿಯೊ ತಂತಿಯ ಹಂಗನ್ನು ಕಳಚಿಕೊಂಡಾಗಿತ್ತು. ನಾಲ್ಕು ಸೆಲ್ಲು ಹಾಕಿದರೆ ತೊಗರಿ ಹೊಲದ ಬದುವಿನಲ್ಲೂ ಅದು ಮಾತಾಡುತ್ತಿತ್ತು. ಹೊಸ ಯಂತ್ರ ಜನರನ್ನು ಮತ್ತೆ ಕಂಬದ ಬಳಿಗೆ ಕರೆತಂದಿತು. ಶಹಾಬಾದ್, ವಾಡಿಗಳಲ್ಲಿ ಸಿಮೆಂಟಿನ ಕುಲುಮೆ ಹಗಲೂ ರಾತ್ರಿ ಉರಿಯುತ್ತಿದ್ದ ಸೀಮೆಯಲ್ಲಿ, ಹಳ್ಳಿಯ ಒಂದು ಟಿವಿಗೆ ಸಂಜೆ ಕರೆಂಟು ನಿಲ್ಲುತ್ತದೋ ಇಲ್ಲವೋ ಎಂದು ಚಿಂತಿಸಬೇಕಾದ್ದು ಆ ಕಾಲದ ಕತೆಯಷ್ಟೇ ಅಲ್ಲ, ಇವತ್ತಿನದೂ ಹೌದು.

ನನ್ನನ್ನು ಹೆಚ್ಚು ಕಾಡುವುದು ಮಾತಿನ ಪ್ರಶ್ನೆ. ಸೈಟ್‌ಗಾಗಿ ಆಕಾಶವಾಣಿ ಮೂರು ಕಡೆ ಕಾರ್ಯಕ್ರಮ ತಯಾರಿಕಾ ಕೇಂದ್ರ ತೆರೆಯಿತು: ದೆಹಲಿ, ಕಟಕ್, ಹೈದರಾಬಾದ್. ತೆಲುಗಿನ ಜೊತೆ ಕನ್ನಡದ ಕಾರ್ಯಕ್ರಮಗಳೂ ತಯಾರಾದದ್ದು ಹೈದರಾಬಾದಿನಲ್ಲಿ.

ಇದರ ತೂಕ ತಿಳಿಯಬೇಕಾದರೆ ಸ್ವಲ್ಪ ಹಿಂದೆ ಹೋಗಬೇಕು. 1871ರಲ್ಲಿ ಮುಂಬೈ ಕಡೆಯ ರೈಲು ಸೊಲ್ಲಾಪುರ ದಾಟಿ ಶಹಾಬಾದ್, ವಾಡಿ ಮೂಲಕ ರಾಯಚೂರು ತಲುಪಿತು. 1874ರಲ್ಲಿ ನಿಜಾಮರ ಹಣದಿಂದ ವಾಡಿಯಿಂದ ಸಿಕಂದರಾಬಾದಿಗೆ ಇನ್ನೊಂದು ಹಳಿ ಬಿತ್ತು. ಚಿತ್ತಾಪುರ ಮತ್ತು ಸೇಡಂ ಇರುವುದು ಈ ಹಳಿಯ ಮೇಲೆ. ಚಿಂಚೋಳಿಗೆ ಇವತ್ತಿಗೂ ರೈಲಿಲ್ಲ. ಕಚೇರಿ, ಕಾಲೇಜು, ದವಾಖಾನೆ ಎಲ್ಲಕ್ಕೂ ಈ ಊರುಗಳ ಮುಖ ಹೈದರಾಬಾದಿನ ಕಡೆಗಿತ್ತು. ರೇಡಿಯೊ ಕೂಡ ಅಲ್ಲಿಂದಲೇ. 1935ರ ಫೆಬ್ರವರಿ 3ರಂದು 200 ವ್ಯಾಟಿನ ಪುಟ್ಟ ಪ್ರಸಾರಯಂತ್ರದೊಂದಿಗೆ ನಿಜಾಮರ ಡೆಕ್ಕನ್ ರೇಡಿಯೊ ಶುರುವಾಯಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ 'ಆಕಾಶವಾಣಿ' ಆರಂಭಿಸಿದರು. ಅಲ್ಲಿನದು ಒಬ್ಬ ಪ್ರಾಧ್ಯಾಪಕರ ಹುಚ್ಚು, ಇಲ್ಲಿನದು ದರ್ಬಾರಿನ ದನಿ. 1948ರ ಸೆಪ್ಟೆಂಬರ್ 17ರಂದು ನಿಜಾಮರು ಕದನವಿರಾಮ ಸಾರಿದ್ದೂ ಹೈದರಾಬಾದಿನ ರೇಡಿಯೊದಲ್ಲಿಯೇ. ನಮ್ಮ ಭಾಗದ ಚರಿತ್ರೆಯ ಬಹುದೊಡ್ಡ ತಿರುವು ಜನರಿಗೆ ತಲುಪಿದ್ದು ಮತ್ತೊಂದೂರಿನಿಂದ ಬಂದ ದನಿಯಾಗಿ.

1956ರಲ್ಲಿ ಗುಲಬರ್ಗಾ ಮೈಸೂರು ರಾಜ್ಯ ಸೇರಿತು. 1966ರಲ್ಲಿ ಗುಲಬರ್ಗಾ ಆಕಾಶವಾಣಿ ಬಂತು. ಅಷ್ಟರಲ್ಲಿ ಧಾರವಾಡ ಕೇಂದ್ರಕ್ಕೆ ಹದಿನಾರು ವರ್ಷ ತುಂಬಿತ್ತು. ತಡವಾದರೂ ಸೀಮೆಗೆ ತನ್ನದೇ ಒಂದು ಬಾಯಿ ಸಿಕ್ಕಿತು. ಒಂಬತ್ತು ವರ್ಷ ಕಳೆದು ಟಿವಿ ಬಂದಾಗ, ನೋಡಿ, ಬಾಯಿ ಮತ್ತೆ ಹೈದರಾಬಾದಿಗೆ ಹೋಯಿತು. ಸ್ಟುಡಿಯೊ, ತಂತ್ರಜ್ಞರು ಎಲ್ಲ ಅಲ್ಲಿದ್ದದ್ದರಿಂದ ಅದು ಅನುಕೂಲದ ನಿರ್ಧಾರ, ಪಿತೂರಿಯಲ್ಲ. ಆದರೂ ಭಾಷಾವಾರು ರಾಜ್ಯವಾಗಿ ಹತ್ತೊಂಬತ್ತು ವರ್ಷವಾದ ಮೇಲೆ ಕನ್ನಡಿಗರ ಮೊದಲ ಟಿವಿ ಕನ್ನಡ ಹಳೆಯ ರಾಜಧಾನಿಯಲ್ಲಿ ತಯಾರಾಯಿತೆಂಬುದು ಸಣ್ಣ ಮಾತಲ್ಲ. ಸೇಡಂ ಕಡೆ ಮನೆಯೊಳಗೆ ಕನ್ನಡ, ಸಂತೆಯಲ್ಲಿ ತೆಲುಗು, ಕಚೇರಿಯಲ್ಲಿ ಉರ್ದು ಬೆರೆಸಿ ಆಡುವ ಹಿರಿಯರಿದ್ದರು. ಚಿಂಚೋಳಿಯ ತಾಂಡಾಗಳಲ್ಲಿ ಕನ್ನಡವೇ ಎರಡನೆಯ ಭಾಷೆ. ಒಂದೇ ಚಿತ್ರಕ್ಕೆ ಎರಡು ಭಾಷೆಯ ದನಿ ಕಳಿಸುವ ಏರ್ಪಾಡು ಎಟಿಎಸ್–6ರಲ್ಲಿತ್ತು. ಎಂಜಿನಿಯರುಗಳ ಲೆಕ್ಕದಲ್ಲಿ ಭಾಷೆ ಎಂದರೆ ಒಂದು ಧ್ವನಿವಾಹಿನಿ. ಅದರೊಳಗೆ ಯಾವ ಊರಿನ ಕನ್ನಡ ಎಂಬುದು ಅವರು ಬಿಡಿಸಬೇಕಾದ ಲೆಕ್ಕವಾಗಿರಲಿಲ್ಲ.

ದಿನಕ್ಕೆ ನಾಲ್ಕು ಗಂಟೆ ಪ್ರಸಾರ. ಬೆಳಿಗ್ಗೆ ಶಾಲಾ ಮಕ್ಕಳಿಗೆ. ಸಂಜೆ ದೊಡ್ಡವರಿಗೆ ಕೃಷಿ, ಆರೋಗ್ಯ, ಕುಟುಂಬ ಯೋಜನೆ, ಒಂದಿಷ್ಟು ಮನರಂಜನೆ. ಸಂಜೆಯಲ್ಲಿ ಅರ್ಧ ಗಂಟೆ ಎಲ್ಲ ರಾಜ್ಯಗಳಿಗೂ ಸೇರಿ ಹಿಂದಿ. ತುರ್ತುಪರಿಸ್ಥಿತಿ ಹೇರಿ ಐದು ವಾರವಷ್ಟೇ ಆಗಿತ್ತೆಂಬುದನ್ನು ಮರೆಯುವಂತಿಲ್ಲ. ಆ ವರ್ಷ ಸರಕಾರ ಮಾತಾಡಿತು, ಹಳ್ಳಿ ಕೇಳಿತು. ಮೊದಲ ವಾರಗಳಲ್ಲಿ ಕಿಕ್ಕಿರಿದ ಜನ ಕ್ರಮೇಣ ಕಡಿಮೆಯಾದರು. ನಂತರದ ಮೌಲ್ಯಮಾಪನದಲ್ಲಿ ಕಂಡದ್ದು ಸ್ವಾರಸ್ಯಕರ: ಆರೋಗ್ಯದ ತಿಳಿವಳಿಕೆ ಹೆಂಗಸರಲ್ಲಿ, ಓದುಬರಹ ಬಾರದವರಲ್ಲಿ ಎದ್ದು ಕಾಣುವಂತೆ ಹೆಚ್ಚಿತ್ತು, ಒಕ್ಕಲುತನದ ರೂಢಿಯಲ್ಲಿ ಮಾತ್ರ ಹೇಳಿಕೊಳ್ಳುವ ಬದಲಾವಣೆ ಇರಲಿಲ್ಲ. ಹೊಸ ಬೀಜದ ಮಾತು ಟಿವಿ ಹೇಳಬಹುದು, ಬೀಜ ಕೊಳ್ಳುವ ಸಾಲ ಅದು ಕೊಡಲಾರದು.

1976ರ ಜುಲೈ 31ಕ್ಕೆ ಕರಾರು ಮುಗಿಯಿತು. ಉಪಗ್ರಹವನ್ನು ಅಮೆರಿಕ ತನ್ನ ಕಡೆಗೆ ಸರಿಸಿಕೊಂಡಿತು. ಆಂಟೆನಾಗಳು ಹಳ್ಳಿಯಲ್ಲಿ ಬರಿದೇ ಆಕಾಶ ನೋಡುತ್ತ ನಿಂತವು. 1977ರ ಸೆಪ್ಟೆಂಬರ್ 3ರಂದು ಗುಲಬರ್ಗಾದಲ್ಲಿ ನೆಲದ ಪ್ರಸಾರಕೇಂದ್ರ ಶುರುವಾಯಿತು, ಸೈಟ್‌ನ ಮುಂದುವರಿಕೆಯಾಗಿ. ಕರ್ನಾಟಕದ ಮೊದಲ ಟಿವಿ ಗೋಪುರ ಎಂದು ನಾವು ಹೆಮ್ಮೆಪಡುವುದು ಇದರ ಬಗ್ಗೆ. ಹೆಮ್ಮೆ ಸರಿಯೇ. ಆದರೆ ಸಾರಾಭಾಯಿ ಯಾವುದರ ವಿರುದ್ಧ ವಾದಿಸಿದ್ದರೋ ಆ ವ್ಯವಸ್ಥೆ ಇದರೊಂದಿಗೆ ಮರಳಿತು. ಉಪಗ್ರಹದ ಕಣ್ಣಿಗೆ ಒಂದೇ ಆಗಿದ್ದ ಶಹಾಬಾದ್ ಮತ್ತು ಚಿಂಚೋಳಿ ಈಗ ಬೇರೆಬೇರೆಯಾದವು. ಶಹಾಬಾದ್ ಗೋಪುರಕ್ಕೆ ಹತ್ತಿರ, ತಿಂಗಳ ಸಂಬಳ ಬರುವ ಮನೆಗಳೂ ಅಲ್ಲಿದ್ದವು. ಚಿಂಚೋಳಿ ಜಿಲ್ಲೆಯ ತುದಿಗೆ, ಗುಡ್ಡದ ಆಚೆ. ಊರಿಗೊಂದಾಗಿದ್ದ ಟಿವಿ ಮನೆಗೊಂದಾಗುವ ದಾರಿ ಹಿಡಿದದ್ದು ಹೀಗೆ.

ಸೈಟ್ ಬಗ್ಗೆ ಇಂಗ್ಲಿಷಿನಲ್ಲಿ ಕಪಾಟು ತುಂಬುವಷ್ಟು ವರದಿಗಳಿವೆ. ಅವುಗಳಲ್ಲಿ ನಮ್ಮ ಜಿಲ್ಲೆಯ ಜನ ಬರುವುದು ಹೆಚ್ಚಾಗಿ ಶೇಕಡಾವಾರು ಲೆಕ್ಕದಲ್ಲಿ. ಸಂಜೆ ಬೀಗ ತೆಗೆದು ಸೆಟ್ಟು ಹಚ್ಚುತ್ತಿದ್ದ ಹೊಣೆ ಹೆಚ್ಚಿನೂರುಗಳಲ್ಲಿ ಶಾಲೆಯ ಮಾಸ್ತರರದ್ದು. ಅಂದು ಮೂವತ್ತರ ಹರೆಯದಲ್ಲಿದ್ದವರಿಗೆ ಈಗ ಎಂಬತ್ತು. ಪರದೆಯ ಮೇಲಿನ ಆ ಕನ್ನಡವನ್ನು ಕೂತವರಿಗೆ ನಿಮ್ಮೂರ ಮಾತಿನಲ್ಲಿ ಮತ್ತೆ ಹೇಳಬೇಕಾಗುತ್ತಿತ್ತೇ, ಏನೆಂದು ಹೇಳುತ್ತಿದ್ದಿರಿ ಎಂದು ಅವರನ್ನು ಕೇಳಬೇಕು. ಈ ಬೇಸಿಗೆಯಲ್ಲಿ ಕೇಳಲು ಹೊರಟಿದ್ದೇನೆ, ಸೇಡಂನಿಂದ ಶುರುಮಾಡಿ.