ದೀಪ ಆರಿದ ಊರು ಯಾಂಗಾ



ಬಳ್ಳಾರಿ ರಸ್ತೆಯಲ್ಲಿ ದೇವನಹಳ್ಳಿಯ ಕಡೆಗೆ ಹೋಗುವಾಗ ಚಿಕ್ಕಜಾಲದ ಪಾಳು ಕಲ್ಲುಕೋಟೆಯನ್ನು ನಿಮ್ಮಲ್ಲಿ ಹಲವರು ಬಸ್ಸಿನಿಂದಲೇ ನೋಡಿರುತ್ತೀರಿ. ಅಲ್ಲಿ ಕೋಟೆ ಹಾಳಾಗಿದೆ, ಊರು ಉಳಿದಿದೆ. ಜನವಸತಿಯೇ ಇಲ್ಲದ ಊರನ್ನು ನಮ್ಮ ಕಂದಾಯ ದಾಖಲೆಗಳು ‘ಬೇಚರಾಕ್ ಗ್ರಾಮ’ ಎನ್ನುತ್ತವೆ. ಇದು ಪಾರಸಿ ಮೂಲದ ಮಾತು; ‘ದೀಪವಿಲ್ಲದ್ದು’ ಎಂದು ಅರ್ಥ. ಊರಿನ ದೀಪ ಆರುವುದಕ್ಕೆ ಯುದ್ಧವೇ ಆಗಬೇಕೆಂದಿಲ್ಲ. ದೂರದ ಒಂದು ಊರಿನ ಚರಿತ್ರೆ ಇದನ್ನು ತಿಳಿಸುತ್ತದೆ.

ಅಮೆರಿಕದ ಲಾಸ್ ಏಂಜಲೀಸ್ ನಗರದ ಮಧ್ಯಭಾಗದಲ್ಲಿ ಹಿಂದೆ ಯಾಂಗಾ ಎಂಬ ಊರಿತ್ತು. ಅದು ಟೋಂಗ್ವಾ ಎಂಬ ಮೂಲನಿವಾಸಿಗಳದು. ನಮ್ಮಲ್ಲಿ ಅರಳಿಕಟ್ಟೆಯಿರುವಂತೆ ಅಲ್ಲಿ ಸಿಕಮೋರ್ ಜಾತಿಯ ಒಂದು ಹೆಮ್ಮರವಿತ್ತು. ಓಕ್ ಮರದ ಕಾಯಿ, ಹುಲ್ಲಿನ ಬೀಜ, ಮೀನು, ಬೇಟೆ ಅವರ ಆಹಾರ. ಹೊಸ ಹುಲ್ಲು ಚಿಗುರಲೆಂದು ಬಯಲಿಗೆ ಆಗಾಗ ಬೆಂಕಿಯಿಡುವುದು ಅವರ ಪದ್ಧತಿಯಾಗಿತ್ತು.

1771ರ ಸೆಪ್ಟೆಂಬರ್ 8ರಂದು ಸ್ಪೇನಿನ ಪಾದ್ರಿಗಳು ಈ ನಾಡಿನಲ್ಲಿ ಸಾನ್ ಗೇಬ್ರಿಯಲ್ ಮಿಷನ್ ಸ್ಥಾಪಿಸಿದರು. ಮಿಷನ್ ಎಂದರೆ ಬರಿಯ ಚರ್ಚಲ್ಲ. ಹೊಲ, ದನಕರುಗಳ ಹಿಂಡು, ಕಾರ್ಯಾಗಾರ, ಕಾವಲಿನ ಸೈನಿಕರು ಎಲ್ಲವೂ ಸೇರಿದ ವಸಾಹತು. ಹತ್ತು ವರ್ಷಗಳ ನಂತರ, 1781ರಲ್ಲಿ, 44 ಮಂದಿ ವಲಸಿಗರು ಯಾಂಗಾದ ಪಕ್ಕದಲ್ಲೇ ಲಾಸ್ ಏಂಜಲೀಸ್ ಊರನ್ನು ಕಟ್ಟಿದರು.

ಮುಂದೆ ಆದದ್ದನ್ನು ಒಂದು ಸರಪಳಿಯಂತೆ ನೋಡಿ. ವಲಸಿಗರ ದನಕುರಿಗಳು ಬಯಲಿನ ಹುಲ್ಲನ್ನು ಬೀಜ ಕಟ್ಟುವ ಮೊದಲೇ ಮೇದವು. 1793ರಲ್ಲಿ ಸರ್ಕಾರ ಬಯಲಿಗೆ ಬೆಂಕಿಯಿಡುವುದನ್ನು ನಿಷೇಧಿಸಿತು. ಆಹಾರ ಕಡಿಮೆಯಾಯಿತು. ಹಸಿದವರಿಗೆ ಉಳಿದದ್ದು ಎರಡೇ ದಾರಿ: ಮಿಷನ್ನಿನ ಗಂಜಿ, ಇಲ್ಲವೇ ವಲಸಿಗರ ಹೊಲದ ಕೂಲಿ. ಒಮ್ಮೆ ದೀಕ್ಷಾಸ್ನಾನವಾದರೆ ಅಪ್ಪಣೆಯಿಲ್ಲದೆ ಮಿಷನ್ ಬಿಡುವಂತಿರಲಿಲ್ಲ. ಓಡಿಹೋದವರನ್ನು ಸೈನಿಕರು ಹಿಡಿದು ತರುತ್ತಿದ್ದರು. ಮದುವೆಯಾಗದ ಹೆಣ್ಣುಮಕ್ಕಳನ್ನು ರಾತ್ರಿ ಕೋಣೆಯಲ್ಲಿ ಕೂಡಿ ಬೀಗ ಹಾಕುತ್ತಿದ್ದರು. ಇಕ್ಕಟ್ಟಿನ ವಾಸದಲ್ಲಿ ದಡಾರ ಮೊದಲಾದ ಹೊಸ ರೋಗಗಳು ಬೇಗ ಹರಡಿದವು.

ಜನ ಸುಮ್ಮನಿರಲಿಲ್ಲ. 1785ರ ಅಕ್ಟೋಬರಿನಲ್ಲಿ ಟಾಯ್‌ಪುರಿನಾ ಎಂಬ ತರುಣಿ ಹಾಗೂ ನಿಕೊಲಾಸ್ ಹೋಸೆ ಎಂಬಾತ ಹಲವು ಊರಿನವರನ್ನು ಸೇರಿಸಿ ಮಿಷನ್ನಿನ ಮೇಲೆ ದಾಳಿಗೆ ಹೊರಟರು. ಸುಳಿವು ಮೊದಲೇ ಸಿಕ್ಕಿದ್ದರಿಂದ ಇಬ್ಬರೂ ಸೆರೆಯಾದರು; ಆಮೇಲೆ ಅವರನ್ನು ಗಡೀಪಾರು ಮಾಡಲಾಯಿತು.

1834ರಲ್ಲಿ ಮೆಕ್ಸಿಕೋ ಸರ್ಕಾರ ಸಾನ್ ಗೇಬ್ರಿಯಲ್ ಮಿಷನ್ನನ್ನು ಪಾದ್ರಿಗಳ ಕೈಯಿಂದ ತೆಗೆದುಕೊಂಡಿತು. ಆದರೆ ಭೂಮಿಯ ಬಹುಪಾಲು ಮೂಲನಿವಾಸಿಗಳ ಕೈ ಸೇರಲಿಲ್ಲ. ಬೆಳೆಯುತ್ತಿದ್ದ ಪಟ್ಟಣ ಯಾಂಗಾದವರನ್ನು 1836ರಲ್ಲಿ ಒಮ್ಮೆ, 1845ರಲ್ಲಿ ಮತ್ತೊಮ್ಮೆ ಎತ್ತಂಗಡಿ ಮಾಡಿಸಿತು. 1847ರಲ್ಲಿ ಅವರ ಕೊನೆಯ ಕೇರಿಯನ್ನೂ ನೆಲಸಮ ಮಾಡಲಾಯಿತು. ಹೆಮ್ಮರ ಆ ಶತಮಾನದ ಕೊನೆಯ ದಶಕದವರೆಗೆ ನಿಂತಿತ್ತು.

ಇದೆಲ್ಲ ನಮಗೆ ತಿಳಿದದ್ದು ಹೇಗೆ? ಸೋಜಿಗವೆಂದರೆ, ಬಹುಮಟ್ಟಿಗೆ ಮಿಷನ್ನಿನ ಪುಸ್ತಕಗಳಿಂದಲೇ! ದೀಕ್ಷಾಸ್ನಾನವಾದವರ ಹುಟ್ಟೂರನ್ನು ಪಾದ್ರಿಗಳು ಬರೆದಿಡುತ್ತಿದ್ದರು. ಸಾನ್ ಗೇಬ್ರಿಯಲ್‌ನಲ್ಲಿ ದೀಕ್ಷೆ ಪಡೆದವರು 7 ಸಾವಿರಕ್ಕೂ ಹೆಚ್ಚು. ಅಲ್ಲಿನ ಸ್ಮಶಾನದಲ್ಲಿ ಹೂಳಿದವರು ಸುಮಾರು 6 ಸಾವಿರ. ಊರನ್ನು ಬರಿದುಮಾಡಿದ ಲೇಖನಿಯೇ ಊರಿನ ಹೆಸರನ್ನೂ ಉಳಿಸಿತು. ಆದ್ದರಿಂದ ದಾಖಲೆಯನ್ನು ಓದುವಾಗ ಏನು ಬರೆದಿದೆ ಎಂದಷ್ಟೇ ಅಲ್ಲ, ಯಾರು, ಯಾವ ಉದ್ದೇಶಕ್ಕೆ ಬರೆದರು ಎಂದೂ ಕೇಳಬೇಕು.

ಊರು ಅಳಿದರೆ ಜನರೂ ಅಳಿದರೆಂದು ತಿಳಿಯಬೇಡಿ. ಟೋಂಗ್ವಾ ಜನ ಇಂದಿಗೂ ಅದೇ ನಾಡಿನಲ್ಲಿದ್ದಾರೆ. 1994ರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯ ಅವರನ್ನು ಮಾನ್ಯಮಾಡಿತು. 2022ರಲ್ಲಿ ಆಲ್ಟಡೀನಾ ಎಂಬಲ್ಲಿ ಒಂದು ಎಕರೆ ನೆಲ ಅವರಿಗೆ ಮರಳಿ ಸಿಕ್ಕಿತು.

ನಿಮ್ಮ ಹೋಬಳಿಯ ಗ್ರಾಮಗಳ ಪಟ್ಟಿಯನ್ನೊಮ್ಮೆ ತೆಗೆದು ನೋಡಿ. ಅದರಲ್ಲಿ ಬೇಚರಾಕ್ ಎಂಬ ಮಾತು ಕಂಡರೆ, ಅಲ್ಲಿದ್ದವರು ಎಲ್ಲಿಗೆ ಹೋದರೆಂದು ಊರಿನ ಹಿರಿಯರನ್ನು ವಿಚಾರಿಸಿ. ಅವರು ಹೇಳಿದ್ದನ್ನು ತಪ್ಪದೆ ಬರೆದಿಟ್ಟುಕೊಳ್ಳಿ.