ಯುನಿಕ್ಸಿನ ಯಂತ್ರಾಂತರ

ಗಣಕಯಂತ್ರದ ಸ್ಮೃತಿಯನ್ನೂ ಡಿಸ್ಕುಗಳನ್ನೂ ನೇರವಾಗಿ ಆಳತಕ್ಕ ಕಾರ್ಯಾಚರಣ ವ್ಯವಸ್ಥೆಯು ತಾನು ಹುಟ್ಟಿದ ಯಂತ್ರದೊಡನೆಯೇ ಬಾಳಿ, ಆ ಯಂತ್ರವು ಮೂಲೆಗೆ ಸೇರಿದಾಗ ತಾನೂ ಮರೆಯಾಗುವುದು ಒಂದು ಕಾಲದಲ್ಲಿ ಬಹುಮಟ್ಟಿಗೆ ಸಹಜಕ್ರಮವಾಗಿದ್ದಿತು. 1969ರಲ್ಲಿ ಅಮೆರಿಕದ ಮರ್ರೆ ಹಿಲ್‌ನ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ನರು ಪಿಡಿಪಿ-7 ಎಂಬ ಯಂತ್ರಕ್ಕಾಗಿ ಅಸೆಂಬ್ಲಿ ಭಾಷೆಯಲ್ಲಿ ರಚಿಸಿದ ಯುನಿಕ್ಸ್‌ಗೂ ಅದೇ ಗತಿ ಒದಗಬಹುದಾಗಿತ್ತು. ಆ ಯಂತ್ರವು ಸ್ಮೃತಿಯನ್ನು 18 ಬಿಟ್‌ಗಳ ಪದಗಳಾಗಿ ಎಣಿಸುತ್ತಿತ್ತು. ಬಳಿಕ ಬಂದ ಪಿಡಿಪಿ-11ರಲ್ಲಾದರೋ ಪದಕ್ಕೆ 16 ಬಿಟ್‌ಗಳು, ಪ್ರತಿಯೊಂದು ಬೈಟಿಗೂ ತನ್ನದೇ ವಿಳಾಸ. ಅಲ್ಲಿಯವರೆಗೆ ಬೆಲ್‌ನಲ್ಲಿ ಬಳಕೆಯಲ್ಲಿದ್ದ, ಪದವೊಂದನ್ನೇ ಬಲ್ಲ ಬಿ ಎಂಬ ಭಾಷೆಯು ಈ ಏರ್ಪಾಡಿಗೆ ಹೊಂದದಿದ್ದುದರಿಂದ ಡೆನಿಸ್ ರಿಚಿಯವರು ಅದಕ್ಕೆ ದತ್ತಾಂಶಪ್ರಕಾರಗಳನ್ನು ಕೂಡಿಸುತ್ತ ಹೋಗಿ ಸಿ ಭಾಷೆಯನ್ನು ರೂಪಿಸಿದರು; 1973ರಲ್ಲಿ ಯುನಿಕ್ಸಿನ ತಿರುಳಾದ ಕರ್ನಲ್ ಆ ಭಾಷೆಯಲ್ಲಿ ಪುನಾರಚಿತವಾಯಿತು.

ಉನ್ನತ ಭಾಷೆಯಲ್ಲಿ ಬರೆದ ಮಾತ್ರಕ್ಕೆ ಕೋಡ್ ಎಲ್ಲೆಡೆಯೂ ಸಲ್ಲುವುದೆಂದು ನಂಬುವವರು 1977ರ ವೃತ್ತಾಂತವನ್ನು ಸಾವಧಾನವಾಗಿ ಪರಿಶೀಲಿಸಬೇಕು. ಆ ವರ್ಷ ಆಸ್ಟ್ರೇಲಿಯದ ವೊಲೊಂಗಾಂಗ್ ವಿಶ್ವವಿದ್ಯಾನಿಲಯದಲ್ಲಿ ರಿಚರ್ಡ್ ಮಿಲ್ಲರರು ಇಂಟರ್‌ಡೇಟಾ 7/32 ಯಂತ್ರಕ್ಕೂ, ಬೆಲ್‌ನಲ್ಲಿ ರಿಚಿ ಮತ್ತು ಸ್ಟೀಫನ್ ಜಾನ್ಸನ್ನರು ಅದೇ ಕುಲದ 8/32 ಯಂತ್ರಕ್ಕೂ, ಪರಸ್ಪರ ಸ್ವತಂತ್ರವಾಗಿ, ಯುನಿಕ್ಸನ್ನು ಒಗ್ಗಿಸತೊಡಗಿದರು. ಹಳೆಯ ಯಂತ್ರದ ಗುಣಗಳು ಕೋಡಿನೊಳಗೆ ಎಷ್ಟು ಆಳವಾಗಿ ಇಳಿದಿದ್ದುವೆಂಬುದು ಆಗ ಬಯಲಾಯಿತು. ಸಂಖ್ಯೆಯೊಂದರ ಕಡೆಯ ಮೂರು ಬಿಟ್‌ಗಳನ್ನು ಅಳಿಸಲು 0177770 ಎಂಬ ಅಷ್ಟಮಾನ ಸಂಖ್ಯೆಯನ್ನು ಬಳಸಿದ್ದ ಕಡೆ, 16 ಬಿಟ್‌ಗಳಲ್ಲಿ ನಿರ್ದೋಷವಾಗಿದ್ದ ಕ್ರಿಯೆಯು ಇಂಟರ್‌ಡೇಟಾದ 32 ಬಿಟ್‌ಗಳಲ್ಲಿ ಮೇಲರ್ಧವನ್ನೆಲ್ಲ ಒರಸಿಹಾಕುತ್ತಿತ್ತು. ಪಿಡಿಪಿ-11 ಕೆಳಬೈಟನ್ನು ಮೊದಲಿಡುತ್ತಿದ್ದರೆ ಇಂಟರ್‌ಡೇಟಾ ಮೇಲ್ಬೈಟನ್ನು ಮೊದಲಿಡುತ್ತಿತ್ತು. ಇಂಥ ವ್ಯತ್ಯಯದಲ್ಲಿ ಯು-ಎನ್-ಐ-ಎಕ್ಸ್ ಎಂಬ ನಾಲ್ಕಕ್ಷರಗಳು ಎನ್-ಯು-ಎಕ್ಸ್-ಐ ಎಂದು ತಿರುಚಿಕೊಳ್ಳುವುದರಿಂದ ಆ ತೊಡಕಿಗೆ ‘ನಕ್ಸಿ’ ಎಂಬ ಹೆಸರೇ ನಿಂತಿತು. ಪಾಯಿಂಟರನ್ನು ಪೂರ್ಣಾಂಕವೆಂದೇ ಬಗೆದು ಬರೆದ ಸಾಲುಗಳಿಗಂತೂ ಮಿತಿಯಿರಲಿಲ್ಲ.

ನನ್ನ ದೃಷ್ಟಿಯಲ್ಲಿ ಈ ಪ್ರಯತ್ನದ ಹಿರಿಮೆಯು ಯುನಿಕ್ಸ್ ಮತ್ತೊಂದು ಯಂತ್ರದ ಮೇಲೆ ನಡೆದುದಕ್ಕಿಂತ, ಆ ಶ್ರಮದಲ್ಲಿ ಭಾಷೆಯೇ ತಿದ್ದುಪಡಿ ಹೊಂದಿದುದರಲ್ಲಿದೆ. ಪ್ರಕಾರಗಳನ್ನು ಸ್ಪಷ್ಟವಾಗಿ ಬದಲಿಸುವ ಕ್ರಮ ಸಿ ಭಾಷೆಗೆ ಸೇರಿತು. ಸಂದೇಹಾಸ್ಪದವಾದ ಸಾಲುಗಳನ್ನು ಹುಡುಕಿಕೊಡುವ ‘ಲಿಂಟ್’ ಎಂಬ ಸಾಧನವನ್ನೂ, ಯಂತ್ರಾವಲಂಬಿಯಾದ ಭಾಗವನ್ನು ಬೇರ್ಪಡಿಸಿದ ಕಂಪೈಲರನ್ನೂ ಜಾನ್ಸನ್ನರು ನಿರ್ಮಿಸಿದರು. ಥಾಂಪ್ಸನ್ನರ ಲೆಕ್ಕದಂತೆ ಪಿಡಿಪಿ-11ರ ಕರ್ನಲ್‌ನಲ್ಲಿ ಸುಮಾರು 10,000 ಸಾಲು ಸಿ, 1,000 ಸಾಲು ಅಸೆಂಬ್ಲಿ ಇದ್ದು, ಆ ಸಾವಿರದಲ್ಲಿ 800 ಸಾಲುಗಳನ್ನು ಮಾತ್ರ ಸಿಯಲ್ಲಿ ಹೇಳಲು ಸಾಧ್ಯವಿರಲಿಲ್ಲ.

ಎಂಬತ್ತರ ದಶಕದಲ್ಲಿ ವ್ಯಾಕ್ಸ್ ಯಂತ್ರವು ಹೊಸ ರೂಢಿಗಳನ್ನು ಬೆಳೆಸಿತು. ಅದರ ಬರ್ಕ್ಲಿ ಯುನಿಕ್ಸಿನಲ್ಲಿ ಸೊನ್ನೆಯ ವಿಳಾಸವನ್ನು ಓದಿದರೆ ಸೊನ್ನೆಯೇ ದೊರೆಯುತ್ತಿದ್ದುದರಿಂದ, ಆ ಔದಾರ್ಯಕ್ಕೆ ಹೊಂದಿಕೊಂಡಿದ್ದ ಕಾರ್ಯಕ್ರಮಗಳು ಸನ್ ಯಂತ್ರಗಳ ಮೇಲೆ ಕುಸಿದುಬಿದ್ದುವು. 1993ರಲ್ಲಿ ಆರಂಭವಾದ, ಬರ್ಕ್ಲಿ ಯುನಿಕ್ಸಿನ ಸಂತತಿಯಾದ ನೆಟ್‌ಬಿಎಸ್‌ಡಿಯವರು, ಒಂದೇ ಚಿಪ್ಪಿನ ಡ್ರೈವರು ಭಿನ್ನ ಬಸ್ಸುಗಳ ಮೇಲೂ ಭಿನ್ನ ಯಂತ್ರಗಳಲ್ಲಿಯೂ ನಡೆಯುವಂತೆ ಸಾಧನಗಳ ರಿಜಿಸ್ಟರುಗಳನ್ನು ಮುಟ್ಟುವ ಕೆಲಸವನ್ನೇ ಪ್ರತ್ಯೇಕ ಪದರವನ್ನಾಗಿಸಿದರು. ವ್ಯಾಕ್ಸನ್ನೂ ಸನ್‌ನವರ ಸ್ಪಾರ್ಕನ್ನೂ ಅವರು ಕೈಬಿಡದೆ ಉಳಿಸಿಕೊಂಡಿರುವುದು ಕೇವಲ ಪೂರ್ವಾಭಿಮಾನದಿಂದಲ್ಲ: ಇಂಟೆಲ್ ಸಹಿಸಿಕೊಳ್ಳುವ ತಪ್ಪು ವಿಳಾಸಜೋಡಣೆಯನ್ನು ಸ್ಪಾರ್ಕ್ ಒಡನೆಯೇ ತಡೆದು ನಿಲ್ಲಿಸುತ್ತದೆ, ದಶಮಾಂಶಗಳೆಲ್ಲ ಐಇಇಇ ಕ್ರಮದಲ್ಲಿಯೇ ಇರುವುವೆಂದು ನೆಚ್ಚಿದ ಕೋಡ್ ವ್ಯಾಕ್ಸಿನಲ್ಲಿ ಸಿಕ್ಕಿಬೀಳುತ್ತದೆ.