ಗೊರಕೆ ನಂಬಿ ಕೆಟ್ಟೆವು

ಗೊರಕೆ ಹೊಡೆಯುವವರನ್ನು ನಮ್ಮೂರ ಕಡೆ 'ಪುಣ್ಯವಂತರು, ಒಳ್ಳೆ ನಿದ್ದೆ' ಅನ್ನುತ್ತೇವೆ. ಅವರೇ ಹಗಲು ಜಗಲಿಯಲ್ಲಿ ತೂಕಡಿಸಿದರೆ ಕುಂಭಕರ್ಣ. ವೈದ್ಯಲೋಕವೂ ಬಹುಕಾಲ ಹೀಗೇ ಇತ್ತು. ಡಿಕನ್ಸ್‌ನ 'ಪಿಕ್‌ವಿಕ್ ಪೇಪರ್ಸ್' ಕಾದಂಬರಿಯಲ್ಲಿ ಸದಾ ನಿದ್ದೆಹೋಗುವ ದಢೂತಿ ಹುಡುಗ ಜೋನನ್ನು ನೋಡಿ ಓದುಗರು ನಕ್ಕರು. 1956ರಲ್ಲಿ ಅಮೆರಿಕದ ವೈದ್ಯರು ಅಂಥದೊಂದು ಕಾಯಿಲೆಗೆ ಆ ಕಾದಂಬರಿಯ ಹೆಸರನ್ನೇ ಇಟ್ಟರು. ದೂರು ಮಾತ್ರ ಬೊಜ್ಜಿನ ಮೇಲೆ.

1965ರಲ್ಲಿ ಫ್ರಾನ್ಸ್, ಜರ್ಮನಿಯ ಸಂಶೋಧಕರು ಇಂಥ ರೋಗಿಗಳ ನಿದ್ದೆಯನ್ನೇ ಪರೀಕ್ಷಿಸಿದರು. ಗಂಟಲು ಮುಚ್ಚಿಕೊಂಡು ಉಸಿರು ಮತ್ತೆ ಮತ್ತೆ ನಿಲ್ಲುತ್ತಿತ್ತು. ಗೊರಕೆ ಥಟ್ಟನೆ ನಿಂತಾಗ 'ಸದ್ಯ' ಎಂದು ನಾವು ಮಗ್ಗುಲಾಗುತ್ತೇವಲ್ಲ, ಎಷ್ಟೋ ಸಲ ಅದೇ ಗಳಿಗೆ. (ಎಲ್ಲ ಗೊರಕೆಯೂ ಕಾಯಿಲೆಯಲ್ಲ.)

ಆಗ ಇದ್ದ ಚಿಕಿತ್ಸೆ, ಕತ್ತಿನಲ್ಲಿ ರಂಧ್ರ ಕೊರೆಯುವುದು. ಸಿಡ್ನಿಯ ಕಾಲಿನ್ ಸಲಿವನ್ ಮತ್ತು ಸಂಗಡಿಗರು ಮೂಗಿನಿಂದ ಗಾಳಿಯ ಒತ್ತಡ ಕೊಟ್ಟು ಗಂಟಲು ತೆರೆದಿಟ್ಟರು. 1981ರ ಅವರ ವರದಿಯಲ್ಲಿದ್ದವರು ಐದೇ ರೋಗಿಗಳು. ಇಂದಿನ ಸಿಪ್ಯಾಪ್ ಯಂತ್ರ ಬಂದದ್ದು ಅಲ್ಲಿಂದ.